ಡೌನ್‌ಲೋಡ್ ಆದ ಫೈಲಿಗೆ ಹೆಸರಿಡುವವರು ಯಾರು?

ಸಾಲದ ಅರ್ಜಿಗೆ ಪಹಣಿ ಕೇಳುತ್ತಾರೆ. ನಾವು ಫೋನ್ ತೆಗೆದು ಡೌನ್‌ಲೋಡ್ಸ್ ನೋಡುತ್ತೇವೆ. ಅಲ್ಲಿ ಇರೋದು 'ಡೌನ್‌ಲೋಡ್', 'ಡೌನ್‌ಲೋಡ್ (1)', 'ಡೌನ್‌ಲೋಡ್ (2)'. ಪಹಣಿ ಯಾವುದು, ಕರೆಂಟ್ ಬಿಲ್ ಯಾವುದು, ಮಗಳ ಮಾರ್ಕ್ಸ್ ಕಾರ್ಡ್ ಯಾವುದು? ಹಿಂದೆ ಸಾಲಿನಲ್ಲಿ ನಿಂತವರು ಗೊಣಗುತ್ತಾರೆ. ನಮಗೇ ಫೋನ್ ಬಳಸೋಕೆ ಬರಲ್ಲ ಅಂತ ನಾಚಿಕೊಳ್ಳುತ್ತೇವೆ.

ಆದರೆ ತಪ್ಪು ನಮ್ಮದಲ್ಲ. ಫೈಲಿಗೆ ಹೆಸರು ಹೇಳಿ ಕಳಿಸಬೇಕಾದದ್ದು ಆ ಕಡೆಯ ಸರ್ವರ್. ಇದಕ್ಕೊಂದು ಚರಿತ್ರೆಯೇ ಇದೆ.

ಕಥೆ ಶುರುವಾಗಿದ್ದು ಇಮೇಲ್‌ನಲ್ಲಿ. ಪತ್ರದ ಜೊತೆ ಬಂದ ಫೈಲನ್ನು ಅಲ್ಲೇ ತೋರಿಸಬೇಕೋ, ಬೇರೆಯಾಗಿ ಉಳಿಸಬೇಕೋ, ಉಳಿಸಿದರೆ ಯಾವ ಹೆಸರಲ್ಲಿ? ಇದನ್ನು ತಿಳಿಸುವ ಒಂದು ಸಾಲನ್ನು 1995ರ ಜೂನ್‌ನಲ್ಲಿ ರೆನ್ಸ್ ಟ್ರೂಸ್ಟ್ ಮತ್ತು ಸ್ಟೀವ್ ಡಾರ್ನರ್ ಸೂಚಿಸಿದರು. ಡಾರ್ನರ್ ಅಂದರೆ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿದ್ದಾಗ 'ಯುಡೋರಾ' ಎಂಬ ಇಮೇಲ್ ತಂತ್ರಾಂಶ ಬರೆದವರು. ಆ ಸಾಲಿಗೆ ಇಟ್ಟ ಹೆಸರು 'ಕಂಟೆಂಟ್-ಡಿಸ್ಪೊಸಿಷನ್'. 1997ರಲ್ಲಿ ಆರ್‌ಎಫ್‌ಸಿ 2183 ಎಂಬ ದಾಖಲೆ ಅದನ್ನು ಇನ್ನಷ್ಟು ಗಟ್ಟಿ ಮಾಡಿತು.

ಬ್ರೌಸರ್‌ಗಳು ಈ ಸಾಲನ್ನು ಇಮೇಲ್‌ನಿಂದ ಕಡ ತಂದವು. 1999ರ ವೆಬ್ ನಿಯಮದ ದಾಖಲೆ ಇದು ನಮ್ಮ ನಿಯಮದ ಭಾಗವಲ್ಲ, ಆದರೂ ಎಲ್ಲೆಡೆ ಬಳಕೆಯಲ್ಲಿದೆ ಎಂದು ಕೊನೆಯಲ್ಲಿ ಬರೆದುಕೊಂಡಿತು. ಸರ್ವರ್ ಸ್ಕ್ರಿಪ್ಟ್ ಫೈಲ್ ಕಳಿಸುವ ಮೊದಲು 'ಇದು ಅಟ್ಯಾಚ್‌ಮೆಂಟ್, ಹೆಸರು ಇಂಥದ್ದು' ಎಂದರೆ ಸಾಕು, ಫೋನ್ ಆ ಹೆಸರಲ್ಲೇ ಉಳಿಸುತ್ತದೆ. ಹೇಳದಿದ್ದರೆ ಬ್ರೌಸರ್ ವಿಳಾಸದ ಕೊನೆಯ ತುಂಡನ್ನೇ ಹೆಸರು ಮಾಡಿಕೊಳ್ಳುತ್ತದೆ. ಆ ತುಂಡು 'ಡೌನ್‌ಲೋಡ್' ಆಗಿದ್ದರೆ ಪಹಣಿಯೂ ಡೌನ್‌ಲೋಡ್, ಬಿಲ್ಲೂ ಡೌನ್‌ಲೋಡ್!

ಹೆಸರು ಬರೀ ಸಲಹೆ ಅಷ್ಟೆ, ಆಜ್ಞೆಯಲ್ಲ. ಕಳಿಸಿದವರು ಹೇಳಿದ್ದನ್ನು ಕಣ್ಣುಮುಚ್ಚಿ ನಂಬಿದರೆ ಫೋನಿನ ಬೇರೆ ಫೈಲ್ ಅಳಿಸಿಹೋಗಬಹುದು. ಈ ಎಚ್ಚರಿಕೆ ಮೊದಲ ದಾಖಲೆಗಳಲ್ಲೇ ಇತ್ತು.

ಇನ್ನೊಂದು ತೊಡಕು ಭಾಷೆಯದು. ಹೆಸರು ಆಸ್ಕಿ ಅಕ್ಷರಗಳಲ್ಲೇ ಇರಬೇಕಿತ್ತು. ಅದರಲ್ಲಿರುವುದು 128 ಸಂಕೇತ, ಕನ್ನಡಕ್ಕೆ ಜಾಗವೇ ಇಲ್ಲ. ಕನ್ನಡ 1991ರಲ್ಲೇ ಯುನಿಕೋಡ್ ಸೇರಿದ್ದರೂ ಈ ಸಾಲಿನಲ್ಲಿ ಅದನ್ನು ಬರೆಯಲು ಒಂದೊಂದು ಬ್ರೌಸರ್ ಒಂದೊಂದು ದಾರಿ ಹಿಡಿದಿತ್ತು.

2011ರ ಜೂನ್‌ನಲ್ಲಿ ಬಂದ ಆರ್‌ಎಫ್‌ಸಿ 6266 ಇದನ್ನು ಬಗೆಹರಿಸಿತು. ಬರೆದವರು ಜೂಲಿಯನ್ ರೆಶ್ಕೆ. ಎರಡು ಹೆಸರು ಕಳಿಸಿ: ಹಳೆಯ ಬ್ರೌಸರ್‌ಗೆ ಇಂಗ್ಲಿಷ್ ಅಕ್ಷರದ್ದು, ಹೊಸದಕ್ಕೆ 'ಫೈಲ್‌ನೇಮ್' ಪಕ್ಕ ನಕ್ಷತ್ರ ಚಿಹ್ನೆ ಹಾಕಿ ನಿಮ್ಮ ಭಾಷೆಯದ್ದು. ಹೊಸ ಬ್ರೌಸರ್ ಎರಡನೆಯದನ್ನೇ ಆರಿಸಿಕೊಳ್ಳುತ್ತದೆ. 'ಪಹಣಿ' ಎಂದರೆ ಪ, ಹ, ಣ ಮತ್ತು ಗುಡಿಸು ಸೇರಿ 4 ಸಂಕೇತ. ಒಂದೊಂದಕ್ಕೂ 3 ಬೈಟ್. ಪ್ರತಿ ಬೈಟನ್ನೂ ಶೇಕಡಾ ಗುರುತು ಹಾಕಿ 3 ಚಿಹ್ನೆಗಳಲ್ಲಿ ಬರೆಯಬೇಕು. ಒಟ್ಟು 36 ಚಿಹ್ನೆ. ಈ ಲೆಕ್ಕ ಮಾಡೋದು ಸ್ಕ್ರಿಪ್ಟ್, ನಾವಲ್ಲ.

ಅಂದರೆ 2011ರಿಂದಲೇ ನಮ್ಮ ದಾಖಲೆ ನಮ್ಮ ಲಿಪಿಯ ಹೆಸರು ಹೊತ್ತು ಬರಲು ದಾರಿ ತೆರೆದಿದೆ. ನಿಮ್ಮೂರಿನ ಸೊಸೈಟಿಗೋ ಶಾಲೆಗೋ ವೆಬ್‌ಸೈಟ್ ಮಾಡಿಕೊಡುವ ಹುಡುಗರಿದ್ದರೆ ಈ ಒಂದು ಸಾಲು ಸೇರಿಸಲು ಹೇಳಿ. ಅಲ್ಲಿಯವರೆಗೆ ಫೈಲನ್ನು ಒತ್ತಿ ಹಿಡಿದು, 'ರೀನೇಮ್' ಆರಿಸಿ, ಸರ್ವೆ ನಂಬರ್ ಸಮೇತ ನಾವೇ ಹೆಸರಿಡೋಣ.