ಕಡಿಮೆ ಕಾಸಿನ ಆಟದ ಕಂಪ್ಯೂಟರ್: ಒಂದು ಕಿರು ಇತಿಹಾಸ

“ಮಾಷ್ಟ್ರೇ, ಗೇಮ್ ಆಡಲಿಕ್ಕೆ ಕಂಪ್ಯೂಟರ್ ಜೋಡಿಸಬೇಕು, ದುಡ್ಡು ಸ್ವಲ್ಪವೇ ಇದೆ. ಯಾವ ಪಾರ್ಟು ತೆಗೆದುಕೊಳ್ಳಲಿ?” ಎಂದು ಹಳೆಯ ವಿದ್ಯಾರ್ಥಿಗಳು ನಮ್ಮನ್ನು ಕೇಳುವುದುಂಟು. ಪಟ್ಟಿ ಕೊಡುವ ಮೊದಲು ನಾವು ಅವರಿಗೆ ಕಥೆ ಹೇಳುತ್ತೇವೆ. ಈ ಪ್ರಶ್ನೆಗೂ ಒಂದು ಇತಿಹಾಸವಿದೆ.

1981ರಲ್ಲಿ ಐಬಿಎಂ ತನ್ನ ಪಿಸಿಯನ್ನು ತಂದಾಗ ಅದರೊಳಗೆ ಖಾಲಿ ಸ್ಲಾಟುಗಳಿದ್ದವು. ಬೇರೆಯವರು ತಯಾರಿಸಿದ ಕಾರ್ಡುಗಳನ್ನೂ ಅಲ್ಲಿ ಸಿಕ್ಕಿಸಬಹುದಿತ್ತು. ಬಿಡಿಭಾಗ ಆರಿಸಿ ಜೋಡಿಸುವ ಪದ್ಧತಿಗೆ ದಾರಿಯಾದದ್ದು ಇದೇ. 1996ರಲ್ಲಿ ತ್ರೀಡಿಎಫ್‌ಎಕ್ಸ್ ಕಂಪನಿಯ ವೂಡೂ ಬಂತು. ಮೆಮೊರಿ ಚಿಪ್ಪುಗಳ ಬೆಲೆ ಇಳಿದಿದ್ದರಿಂದ ಮನೆಬಳಕೆಯವರಿಗೂ ಅದು ಎಟುಕಿತು. ಇದ್ದ ಕಾರ್ಡನ್ನು ಬಿಸಾಡದೆ, ಅದರ ಜೊತೆಗೇ ಇದನ್ನು ಸಿಕ್ಕಿಸಿದರೆ ಸಾಕು. ಕ್ವೇಕ್‌ನಂಥ ಆಟಗಳ ರೂಪವೇ ಬದಲಾಗುತ್ತಿತ್ತು.

ಆದರೆ ಬಡ ಆಟಗಾರರ ನಿಜವಾದ ಹಬ್ಬ 1998ರ ಆಗಸ್ಟ್ ತಿಂಗಳದ್ದು. ಇಂಟೆಲ್ ಒಂದೇ ದಿನ ಎರಡು ಪ್ರೊಸೆಸರ್ ಬಿಡುಗಡೆ ಮಾಡಿತು. ಪೆಂಟಿಯಂ 2, 450 ಮೆಗಾಹರ್ಟ್ಸ್: ಸಗಟು ಬೆಲೆ 669 ಡಾಲರ್. ಸೆಲೆರಾನ್ 300ಎ: 149 ಡಾಲರ್. ಸೆಲೆರಾನಿನ ಕ್ಯಾಶ್ 128 ಕಿಲೋಬೈಟ್ ಮಾತ್ರ, ಪೆಂಟಿಯಮ್ಮಿನದು 512. ಆದರೆ ಸಣ್ಣದು ಪ್ರೊಸೆಸರಿನ ಪೂರ್ಣ ವೇಗದಲ್ಲಿ ಓಡುತ್ತಿತ್ತು, ದೊಡ್ಡದು ಅರ್ಧ ವೇಗದಲ್ಲಿ.

ಇನ್ನು ಲೆಕ್ಕ ನೋಡಿ. ಸೆಲೆರಾನ್ ಬಸ್ 66 ಮೆಗಾಹರ್ಟ್ಸಿನದು. ಅದನ್ನು ನಾಲ್ಕೂವರೆಯಿಂದ ಗುಣಿಸಿದರೆ ಸುಮಾರು 300. ಅದೇ ಬಸ್ಸನ್ನು ಮದರ್‌ಬೋರ್ಡಿನಲ್ಲಿ 100ಕ್ಕೆ ಏರಿಸಿದರೆ 450! ಕೆಲವು ಬೋರ್ಡುಗಳು ಒಪ್ಪದಿದ್ದಾಗ ಹುಡುಗರು ಬಿ21 ಎಂಬ ಒಂದು ಪಿನ್ನಿಗೆ ಟೇಪ್ ಅಂಟಿಸಿ, ಇಲ್ಲವೇ ಉಗುರುಬಣ್ಣ ಬಳಿದು ಕೆಲಸ ಸಾಧಿಸಿದರು. ಎಲ್ಲ ಚಿಪ್ಪೂ ಏರುತ್ತಿರಲಿಲ್ಲ, ಸುಟ್ಟರೆ ವಾರಂಟಿಯೂ ಇಲ್ಲ. ಆದರೂ ಬಹಳಷ್ಟು ಏರಿದವು. 2000ದಲ್ಲಿ ಎಎಂಡಿಯ ಡ್ಯೂರಾನ್ ಬಂದಾಗ ಸೀಸದ ಕಡ್ಡಿಯೇ ಸಾಧನವಾಯಿತು. ಚಿಪ್ಪಿನ ಮೇಲಿನ ಕಡಿದ ಸೇತುವೆಗಳ ಮೇಲೆ ಪೆನ್ಸಿಲ್ ಗೀಚಿದರೆ ಬೀಗ ತೆರೆಯುತ್ತಿತ್ತು.

ಕಂಪನಿಗಳು ಸುಮ್ಮನಿರುತ್ತವೆಯೇ? 2011ರ ಹೊತ್ತಿಗೆ ಇಂಟೆಲ್ ಗುಣಕದ ಬೀಗ ತೆರೆದ ಪ್ರೊಸೆಸರುಗಳನ್ನು ಬೇರೆಯಾಗಿಯೇ, ಹೆಚ್ಚಿನ ಬೆಲೆಗೆ ಮಾರತೊಡಗಿತು. ಹಾಗಿದ್ದೂ 2017ರಲ್ಲಿ 64 ಡಾಲರಿನ ಪೆಂಟಿಯಂ ಜಿ4560 ಎರಡು ಕೋರಿನಲ್ಲಿ ನಾಲ್ಕು ಥ್ರೆಡ್ ಓಡಿಸಿ, ದುಬಾರಿ ಐ3ಯನ್ನೇ ನಾಚಿಸಿತು. 2020-21ರಲ್ಲಿ ಎಥೀರಿಯಂ ನಾಣ್ಯ ಗಣಿ ಮಾಡುವವರು ಗ್ರಾಫಿಕ್ಸ್ ಕಾರ್ಡುಗಳನ್ನು ಬಾಚಿಕೊಂಡಾಗ ನಮ್ಮ ಹುಡುಗರು ಕೈಕಟ್ಟಿ ಕೂರಬೇಕಾಯಿತು. 2022ರ ಸೆಪ್ಟೆಂಬರಿನಲ್ಲಿ ಆ ಗಣಿ ನಿಂತಿತು. ಹಳೆಯ ಕಾರ್ಡುಗಳು ಮಾರುಕಟ್ಟೆಗೆ ಬಂದವು.

ಹೆಸರುಗಳು ಬದಲಾದರೂ ಪಾಠ ಒಂದೇ. ಅಗ್ಗದ ವಸ್ತುವಿನಲ್ಲಿ ಏನನ್ನು ಕಡಿದಿದ್ದಾರೆ, ಅದು ನಮ್ಮ ಆಟಕ್ಕೆ ಬೇಕೇ ಎಂದು ಕೇಳಿಕೊಳ್ಳಬೇಕು. ದುಡ್ಡಿದ್ದವನಿಗೆ ಈ ಪ್ರಶ್ನೆ ಬೇಕಿಲ್ಲ. ಮನೆಯವರು ಕೂಡಿಟ್ಟ ಹಣವನ್ನು ಹಿಡಿದು ಅಂಗಡಿಗೆ ಹೋಗುವವನಿಗೆ ಬೇಕೇ ಬೇಕು. ಆದ್ದರಿಂದ ಮೊದಲು ಆಡುವ ಆಟ ಯಾವುದೆಂದು ನಿರ್ಧರಿಸಿ, ಗ್ರಾಫಿಕ್ಸ್ ಕಾರ್ಡಿಗೆ ಹೆಚ್ಚಿನ ಪಾಲು ತೆಗೆದಿಡಿ, ಅದಕ್ಕೆ ಹೊಂದುವಷ್ಟೇ ಪ್ರೊಸೆಸರ್ ಕೊಳ್ಳಿ. ಹಾಸಿಗೆ ಇದ್ದಷ್ಟು ಕಾಲು ಚಾಚಿ. ಆದರೆ ಎಸ್‌ಎಂಪಿಎಸ್ ಒಂದರಲ್ಲಿ ಮಾತ್ರ ಜಿಪುಣತನ ಬೇಡ. ಅದು ಕೈಕೊಟ್ಟರೆ ಕಷ್ಟಪಟ್ಟು ಆರಿಸಿದ್ದೆಲ್ಲವನ್ನೂ ಜೊತೆಗೇ ಕೊಂಡೊಯ್ಯಬಹುದು.