ಬೇಸಿಗೆ, ತಾಲೀಮು ಮತ್ತು ಕುಣಿಯಲು ಕಲಿಸಿದವರು

ಏಪ್ರಿಲ್ ತಿಂಗಳು ಬಂತಂದ್ರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಬೇಸಿಗೆ ಶಿಬಿರಗಳ ಕಾಲ. ಚಿತ್ರ, ಕರಾಟೆ, ಹಾಡು, ಎಲ್ಲಕ್ಕಿಂತ ಮೇಲೆ ಈಗ ಡಾನ್ಸ್. ಹೊರಗಿನಿಂದ ಬಂದ ಕೊರಿಯೋಗ್ರಾಫರ್ ಹದಿನೈದು ಇಪ್ಪತ್ತು ದಿನ ಮಕ್ಕಳಿಗೆ ಹೆಜ್ಜೆ ಹೇಳಿಕೊಡ್ತಾರೆ. ಕೊನೆಯ ದಿನ ವೇದಿಕೆ, ಲೈಟು, ಅಪ್ಪ-ಅಮ್ಮಂದಿರ ಮೊಬೈಲಿನಲ್ಲಿ ವಿಡಿಯೋ, ಮಗುವಿನ ಕೈಗೊಂದು ಸರ್ಟಿಫಿಕೇಟು. ನೋಡಿದ ಹಿರಿಯರು, ಇದೆಲ್ಲ ಬೆಂಗಳೂರಿನ ಗಾಳಿ, ನಮ್ಮ ಕಾಲಕ್ಕೆ ಎಲ್ಲಿತ್ತು ಅಂತಾರೆ.

ಇತ್ತು. ಬೇಸಿಗೆಯಲ್ಲಿ ಗುರುವನ್ನು ಕರೆಸಿ ಕುಣಿತ ಕಲಿಯುವುದು ಈ ಸೀಮೆಗೆ ಹೊಸದೇನಲ್ಲ. ಈಗ ವರ್ಕ್‌ಶಾಪ್ ಅನ್ನುವುದಕ್ಕೆ ಆಗ ತಾಲೀಮು ಅನ್ನುತ್ತಿದ್ದರು. ಕೊರಿಯೋಗ್ರಾಫರ್ ಅನ್ನುವವರಿಗೆ ಮಾಸ್ತರು ಅನ್ನುತ್ತಿದ್ದರು. ತಾಲೀಮು ಅನ್ನುವ ಮಾತು ಅರಬ್ಬಿಯಿಂದ ಬಂದದ್ದು, ಅರ್ಥ ಶಿಕ್ಷಣ. ನಮ್ಮ ಕಡೆ ಪೈಲ್ವಾನರ ಗರಡಿಗೂ ಅದೇ ಮಾತು, ಆಟದ ಅಭ್ಯಾಸಕ್ಕೂ ಅದೇ ಮಾತು. ಎರಡೂ ಮೈ ದಂಡಿಸಿ ಕಲಿಯುವ ವಿದ್ಯೆಯೇ ಅಲ್ವೇ!

ಮೊದಲು ಭೂಪಟ ಸ್ವಲ್ಪ ನೋಡೋಣ. ಈ ನಾಲ್ಕೂ ಊರು ಈಗ ಬಾಗಲಕೋಟೆ ಜಿಲ್ಲೆಯಲ್ಲಿವೆ. ಆ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಬ್ರಿಟಿಷರ ಕಾಲದಲ್ಲಿ ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರ ಸಂಸ್ಥಾನ. ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಯದು. ಇವತ್ತು ಒಂದೇ ನಗರಸಭೆಯಾಗಿರುವ ರಬಕವಿ-ಬನಹಟ್ಟಿಯ ಕಥೆ ಇನ್ನೂ ಮಜಾ. ರಬಕವಿ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು, ಬನಹಟ್ಟಿ ಜಮಖಂಡಿಗೆ. 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತಕ್ಕೆ ಸೇರಿದವು, 1956ರಲ್ಲಿ ಎಲ್ಲ ಮೈಸೂರು ರಾಜ್ಯಕ್ಕೆ ಬಂತು. ಅಂದರೆ ಒಂದು ದಿನದ ಚಕ್ಕಡಿ ಪ್ರಯಾಣದೊಳಗೆ ನಾಲ್ಕು ಸರಕಾರ. ಆದರೆ ಜನ ಆಡುತ್ತಿದ್ದ ಆಟ ಗಡಿ ನೋಡುತ್ತಿರಲಿಲ್ಲ. ದೊಡ್ಡಾಟ, ಸಣ್ಣಾಟ, ಶ್ರೀಕೃಷ್ಣ ಪಾರಿಜಾತ ಎಲ್ಲ ಸರಕಾರದ ಊರುಗಳಲ್ಲೂ ನಡೆಯುತ್ತಿದ್ದವು.

ಬೇಸಿಗೆಯೇ ಯಾಕೆ? ಒಣಬೇಸಾಯದ ಕಾಲದಲ್ಲಿ ಬಿಳಿಜೋಳ ಕಣಕ್ಕೆ ಬಂದ ಮೇಲೆ ಮುಂಗಾರು ಬೀಳುವ ತನಕ ಹೊಲದಲ್ಲಿ ದೊಡ್ಡ ಕೆಲಸ ಇರುತ್ತಿರಲಿಲ್ಲ. ಕೈಯಲ್ಲಿ ನಾಲ್ಕು ಕಾಳು, ಮುಂದೆ ಊರ ಜಾತ್ರೆ. ಆಗ ಊರವರು ಸೇರಿ ಮಾಸ್ತರನ್ನು ಗೊತ್ತು ಮಾಡುತ್ತಿದ್ದರು. ಮಾಸ್ತರಿಗೆ ಊಟ, ವಸತಿ, ಕಾಳುಕಡಿ, ಒಂದಿಷ್ಟು ರೊಕ್ಕ. ಪಾತ್ರ ಹಾಕುವವರು ವಂತಿಗೆ ಕೊಡಬೇಕು, ದೊಡ್ಡ ಪಾತ್ರಕ್ಕೆ ದೊಡ್ಡ ವಂತಿಗೆ. ರಾತ್ರಿ ಊಟ ಆದ ಮೇಲೆ ಗುಡಿಯಲ್ಲೋ ಯಾರದೋ ಪಡಸಾಲೆಯಲ್ಲೋ ದೀಪ ಹಚ್ಚಿ ತಾಲೀಮು. ಕಲಿಯುವವರಲ್ಲಿ ಬಹಳ ಮಂದಿಗೆ ಅಕ್ಷರ ಬರುತ್ತಿರಲಿಲ್ಲ. ಮಾಸ್ತರು ಕೈಬರಹದ ಪ್ರತಿ ನೋಡಿ ಹೇಳಬೇಕು, ಇವರು ಕೇಳಿ ಬಾಯಿಪಾಠ ಮಾಡಬೇಕು. ಮಾತಾದ ಮೇಲೆ ಹಾಡು, ಹಾಡಾದ ಮೇಲೆ ಹೆಜ್ಜೆ. ಒಂದು ಆಟ ಹದಕ್ಕೆ ಬರಲು ಎರಡು ಮೂರು ತಿಂಗಳು ಹಿಡಿಯುತ್ತಿತ್ತು. ಆಟದ ರಾತ್ರಿ ಬೀಗರು ನೆಂಟರು ಬಂದು ನಟನಿಗೆ ಆಯೇರಿ ಮಾಡುತ್ತಿದ್ದರು. ಸರ್ಟಿಫಿಕೇಟು ಅಂದರೆ ಅದೇ.

ಈ ಮಾಸ್ತರ ಕೆಲಸ ಬರೀ ಹೆಜ್ಜೆ ಹೇಳುವುದಲ್ಲ. ಯಾರಿಗೆ ಯಾವ ಪಾತ್ರ, ಯಾರ ಮೈಗೆ ಯಾವ ಕುಣಿತ ಒಗ್ಗುತ್ತದೆ, ಯಾರು ಯಾವ ಕಡೆಯಿಂದ ರಂಗಕ್ಕೆ ಬರಬೇಕು, ಮೇಳದವರು ಎಲ್ಲಿ ಎತ್ತಬೇಕು, ಎಲ್ಲಿ ನಿಲ್ಲಿಸಬೇಕು, ಎಲ್ಲ ಅವರದೇ ಲೆಕ್ಕ. ದೊಡ್ಡಾಟದ ವೀರ ಪಾತ್ರ ಅಟ್ಟ ಅದುರುವ ಹಾಗೆ ಕುಣಿಯಬೇಕು. ಸಣ್ಣಾಟದ ಕುಣಿತ ಹಗುರ, ಅಲ್ಲಿ ಹಾಡು ಮತ್ತು ಮಾತಿನ ನಡುವೆ ಹೆಜ್ಜೆ ಸುಳಿಯಬೇಕು. ಬೈಲಹೊಂಗಲದ ಕಡೆಯ ‘ಸಂಗ್ಯಾ ಬಾಳ್ಯಾ’ ಕಟ್ಟಿದವರನ್ನು ಜನ ಇವತ್ತಿಗೂ ಪತ್ತಾರ ಮಾಸ್ತರು ಅಂತಲೇ ಕರೆಯುತ್ತಾರೆ. ಇಂಥ ಕೆಲಸಕ್ಕೆ ಈಗ ನಾವು ನೃತ್ಯ ಸಂಯೋಜನೆ, ನಿರ್ದೇಶನ ಅಂತ ಬೇರೆಬೇರೆ ಹೆಸರಿಟ್ಟಿದ್ದೇವೆ.

ಪಾರಿಜಾತದ ಇತಿಹಾಸ ಇನ್ನೂ ಸ್ವಾರಸ್ಯ. ಅದನ್ನು ಮೊದಲು ಬರೆದವರು ರಾಯಚೂರು ಕಡೆಯ ಅಪರಾಳ ತಮ್ಮಣ್ಣ. ಗೋಕಾಕ ಸೀಮೆಯ ಕುಲಗೋಡದ ತಮ್ಮಣ್ಣ 19ನೇ ಶತಮಾನದಲ್ಲಿ ಅದನ್ನು ಆಡಲು ಬರುವಂತೆ ತಿದ್ದಿ, ಬೆಳೆಸಿ, ರಂಗಕ್ಕೆ ತಂದರು. ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ನಾರದ ತಂದ ಪಾರಿಜಾತದ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಟ್ಟ, ಭಾಮೆ ಸಿಟ್ಟಾದಳು, ಕೃಷ್ಣ ರಮಿಸಲು ಹೋದ. ಇಷ್ಟನ್ನೇ ಬೆಳಗಾಗುವ ತನಕ ಹಿಗ್ಗಿಸಿ ಆಡುತ್ತಾರೆ. ಹಾರ್ಮೋನಿಯಂ, ತಬಲಾ, ತಾಳ. ಹಾಡಿನಲ್ಲಿ ಹಿಂದೂಸ್ತಾನಿಯ ವಾಸನೆ, ಮಾತಿನಲ್ಲಿ ನಮ್ಮ ಮನೆಯ ಕನ್ನಡ. ಮಾತು ಬಹುಪಾಲು ಅಲ್ಲೇ ಹುಟ್ಟುವಂಥದು. ಅದಕ್ಕೇ ಅದು ಗೋಕಾಕದಿಂದ ಮುಧೋಳ, ಜಮಖಂಡಿ, ಬೀಳಗಿಯ ತನಕ ಸಲೀಸಾಗಿ ಹಬ್ಬಿತು.

ಇಲ್ಲಿ ಒಂದು ದೊಡ್ಡ ವ್ಯತ್ಯಾಸ ಗಮನಿಸಿ. ದೊಡ್ಡಾಟದಲ್ಲಿ ಹೆಣ್ಣಿನ ಪಾತ್ರವನ್ನೂ ಗಂಡಸರೇ ಹಾಕುತ್ತಿದ್ದರು. ಪಾರಿಜಾತದಲ್ಲಿ ಹೆಂಗಸರು ರಂಗಕ್ಕೆ ಬಂದರು. ಕೌಜಲಗಿಯ ನಿಂಗಮ್ಮ ಪಾತ್ರ ಹಾಕಿದ್ದಲ್ಲದೆ ತಾನೇ ಮೇಳ ಕಟ್ಟಿ ನಡೆಸಿದವಳು. ಒಂದು ಹೆಣ್ಣು ಮೇಳದ ಯಜಮಾನಿಕೆ ಮಾಡುವುದು ಆ ಕಾಲಕ್ಕೆ ಸಣ್ಣ ಮಾತಲ್ಲ. ಅವಳ ಆಮೇಲೆ ಬಂದ ಭಾಮೆ, ರುಕ್ಮಿಣಿ, ಗೊಲ್ಲತಿಯರಲ್ಲಿ ಬಹಳಷ್ಟು ಜನ ದೇವದಾಸಿ ಮನೆತನಗಳಿಂದ ಬಂದವರು. ಅವರಿಗೆ ಹಾಡು, ಹೆಜ್ಜೆ, ನೋಟ, ಮುನಿಸು ಎಲ್ಲ ಅವ್ವನಿಂದ, ಚಿಕ್ಕಮ್ಮನಿಂದ, ಮೇಳದ ಹಿರಿಯಳಿಂದ ಬಂದ ವಿದ್ಯೆ. ಸೆರಗು ಹೇಗೆ ಹಿಡಿಯಬೇಕು, ಸಿಟ್ಟಿನಲ್ಲಿ ಎಷ್ಟು ತಿರುಗಿ ನಿಲ್ಲಬೇಕು ಅನ್ನುವುದನ್ನು ಇವರೇ ಕಲಿಸಿದರು. ಆದರೆ ಇವರನ್ನು ಯಾರೂ ಮಾಸ್ತರು ಅನ್ನಲಿಲ್ಲ. ಊರು ಅವರನ್ನು ಪಾತ್ರದವರು ಅಂದಿತು. ರಾತ್ರಿ ಚಪ್ಪಾಳೆ ತಟ್ಟಿ ಬೆಳಗ್ಗೆ ಬೇರೆ ಹೆಸರಿಂದಲೂ ಕರೆಯಿತು.

ಕಾನೂನಿನ ಕಥೆ ಬೇರೆ. ಮುಂಬಯಿ ಸರಕಾರ 1934ರಲ್ಲಿ ದೇವದಾಸಿ ರಕ್ಷಣಾ ಕಾಯ್ದೆ ತಂದಿತು. ಅದು ಬ್ರಿಟಿಷ್ ಜಿಲ್ಲೆಗಳಿಗೆ ಮಾತ್ರ. ಬೀಳಗಿ ಅದರೊಳಗೆ ಬಂತು, ಪಕ್ಕದ ಮುಧೋಳ, ಜಮಖಂಡಿ ಸಂಸ್ಥಾನಗಳಿಗೆ ತಾನಾಗಿ ತಾಗಲಿಲ್ಲ. ಆಮೇಲೆ ಕರ್ನಾಟಕದ 1982ರ ಕಾಯ್ದೆ ಬಂದು ಹೆಣ್ಣುಮಕ್ಕಳನ್ನು ಬಿಡುವುದನ್ನು ರಾಜ್ಯದಲ್ಲೆಲ್ಲ ಅಪರಾಧ ಮಾಡಿತು. ಅದು ಆಗಲೇಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಒಂದು ಹುಡುಗಿಯ ಬಾಳಿಗಿಂತ ಯಾವ ಕಲೆಯೂ ದೊಡ್ಡದಲ್ಲ. ಆದರೆ ಪದ್ಧತಿ ಹೋದ ಮೇಲೆ ಆ ಹೆಂಗಸರಿಗೆ ಗೊತ್ತಿದ್ದ ವಿದ್ಯೆಯನ್ನು ಕಳಂಕ ಬಿಟ್ಟು ಹೇಗೆ ಉಳಿಸಿಕೊಳ್ಳಬೇಕು ಅಂತ ಯೋಚಿಸಿದವರು ಕಡಿಮೆ. ಮಗಳು ಕುಣಿಯುವುದು ಬೇಡ ಅಂತ ಅವ್ವಂದಿರೇ ತೀರ್ಮಾನ ಮಾಡಿದರು. ಅವರ ಜಾಗದಲ್ಲಿ ನಿಂತು ನೋಡಿದರೆ ಆ ತೀರ್ಮಾನ ಸರಿಯೇ.

ಬೀಳಗಿಯಲ್ಲಿ ಹುಟ್ಟಿದ ಅಮೀರಬಾಯಿ ಕರ್ನಾಟಕಿಯ ಹೆಸರು ಇಲ್ಲಿ ಹೇಳಬೇಕು. ಅಕ್ಕ ಗೋಹರಬಾಯಿಯ ಹಾಗೆ ಈಕೆಯೂ ನಾಟಕ ಕಂಪನಿಯ ದಾರಿಯಲ್ಲಿ ಬೆಳೆದು ಮುಂಬಯಿಗೆ ಹೋದರು. 1943ರ ‘ಕಿಸ್ಮತ್’ ಸಿನಿಮಾದ ಹಾಡುಗಳಿಂದ ದೇಶಕ್ಕೇ ಪರಿಚಯವಾದರು. ರಹಮತ್ ತರೀಕೆರೆಯವರು ಅವರ ಮೇಲೆ ಪುಸ್ತಕವನ್ನೇ ಬರೆದಿದ್ದಾರೆ. ಅಮೀರಬಾಯಿಯ ದನಿಗೆ ಗ್ರಾಮಫೋನ್ ಪ್ಲೇಟು ಸಿಕ್ಕಿತು, ಇವತ್ತೂ ಕೇಳಬಹುದು. ಅದೇ ಕಾಲದಲ್ಲಿ ಅದೇ ಸೀಮೆಯ ಹಳ್ಳಿಗಳಲ್ಲಿ ಭಾಮೆಯಾಗಿ ಕುಣಿದವರ ಹೆಜ್ಜೆಗೆ ಏನೂ ಸಿಗಲಿಲ್ಲ. ಹೆಜ್ಜೆ ಉಳಿಯಬೇಕಾದರೆ ಇನ್ನೊಂದು ಮೈ ಬೇಕು. ಬೇರೆ ದಾರಿ ಇರಲಿಲ್ಲ.

ಇದೇ ಭಾಮೆಯ ಕಥೆ ಆಂಧ್ರದಲ್ಲಿ ಏನಾಯಿತು ನೋಡಿ. ಅಲ್ಲಿ ಸಿದ್ಧೇಂದ್ರ ಯೋಗಿಯ ಹೆಸರಿನ ‘ಭಾಮಾಕಲಾಪಂ’ ಇದೆ. ಕೂಚಿಪುಡಿ ಊರಿನ ಬ್ರಾಹ್ಮಣ ಗಂಡಸರು ಭಾಮೆಯ ವೇಷ ಹಾಕಿ ಆಡುತ್ತಿದ್ದ ಆಟ ಅದು. 20ನೇ ಶತಮಾನದಲ್ಲಿ ಅದು ಶಾಸ್ತ್ರೀಯ ನೃತ್ಯದ ಪಟ್ಟ ಪಡೆಯಿತು. ವೆಂಪಟಿ ಚಿನ್ನ ಸತ್ಯಂ 1963ರಲ್ಲಿ ಮದರಾಸಿನಲ್ಲಿ ಕೂಚಿಪುಡಿ ಅಕಾಡೆಮಿ ತೆಗೆದರು. ಗುರು, ಪಠ್ಯ, ಪರೀಕ್ಷೆ, ಪರದೇಶದ ಶಿಷ್ಯರು ಎಲ್ಲ ಬಂತು. ನಮ್ಮ ಭಾಮೆ ಜಾನಪದ ಅನ್ನಿಸಿಕೊಂಡು ಜಾತ್ರೆಯ ಬಯಲಲ್ಲೇ ಉಳಿದಳು. ಅತ್ತ ಬೆಂಗಳೂರಿನ ಮಾಯಾ ರಾವ್ ಕಥಕ್ ಕಲಿತು, ಮಾಸ್ಕೋದಲ್ಲಿ ನೃತ್ಯ ಸಂಯೋಜನೆಯನ್ನೇ ವಿಷಯವಾಗಿ ಓದಿ, 1964ರಲ್ಲಿ ದೆಹಲಿಯಲ್ಲಿ ಶಾಲೆ ತೆಗೆದರು. 1987ರಲ್ಲಿ ಅದನ್ನು ಬೆಂಗಳೂರಿಗೆ ತಂದರು. ಜಯಚಂದ್ರನ್ ಪಾಲಾಳಿಯವರ ಅಟ್ಟಕ್ಕಲರಿ ಬೆಂಗಳೂರಿನಲ್ಲಿ ಸಮಕಾಲೀನ ನೃತ್ಯಕ್ಕೆ ಮನೆ ಮಾಡಿತು. ಕೊರಿಯೋಗ್ರಾಫರ್ ಅನ್ನುವ ವೃತ್ತಿಗೆ ನಮ್ಮ ರಾಜ್ಯದಲ್ಲಿ ಮರ್ಯಾದೆ ಬಂದದ್ದು ಇಂಥವರ ದುಡಿಮೆಯಿಂದ. ಅದು ಹಳ್ಳಿಯ ಮಾಸ್ತರಿಗೂ, ಮೇಳದ ಹಿರಿಯಳಿಗೂ ಬರಬಹುದಿತ್ತು.

ಇನ್ನು ನಮ್ಮ ಬೇಸಿಗೆಯೂ ಮೊದಲಿನ ಹಾಗೆ ಉಳಿಯಲಿಲ್ಲ. ಘಟಪ್ರಭೆಯ ಕಾಲುವೆ, ಕೃಷ್ಣೆಯ ದಂಡೆಯ ಪಂಪುಗಳು ಬಂದು ಜೋಳದ ಹೊಲಕ್ಕೆ ಕಬ್ಬು ಬಂತು. ಕಬ್ಬಿಗೆ ವರ್ಷವಿಡೀ ನೀರು, ವರ್ಷವಿಡೀ ಕೆಲಸ. ರಬಕವಿ-ಬನಹಟ್ಟಿಯ ಕೈಮಗ್ಗದ ಜಾಗಕ್ಕೆ ಪವರ್‌ಲೂಮ್ ಬಂತು, ಅದರ ಪಾಳಿಗೆ ರಾತ್ರಿ ಹಗಲು ಒಂದೇ. 1964ರಲ್ಲಿ ಅಡಿಗಲ್ಲು ಬಿದ್ದ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ಬೀಳಗಿ, ಬಾಗಲಕೋಟೆ, ಜಮಖಂಡಿ ಕಡೆಯ ನದಿದಂಡೆಯ ಹಳ್ಳಿಗಳು ಮುಳುಗಿದವು. ಜನ ಪುನರ್ವಸತಿ ಕೇಂದ್ರಗಳಿಗೆ ಹೋದರು. ಮನೆಗೆ ಪರಿಹಾರ ಬಂತು, ಹೊಲಕ್ಕೆ ಪರಿಹಾರ ಬಂತು. ಒಟ್ಟಿಗೆ ಕೂತು ತಾಲೀಮು ಮಾಡುತ್ತಿದ್ದ ಓಣಿ ಚದುರಿದ್ದಕ್ಕೆ ಯಾವ ಕಾಲಮ್ಮಿನಲ್ಲಿ ಪರಿಹಾರ ಬರೆಯುತ್ತೀರಿ? ಇದರ ಮೇಲೆ ಟೀವಿ ಬಂತು, ಮೊಬೈಲು ಬಂತು. ಆಟ ಹಿಂದೆ ಸರಿದದ್ದಕ್ಕೆ ಜನರ ಅಭಿರುಚಿ ಕೆಟ್ಟಿತು ಅಂತ ಒಂದೇ ಮಾತು ಹೇಳುವವರು ಇದನ್ನೆಲ್ಲ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹಾಗಂತ ಈಗಿನ ಡಾನ್ಸ್ ಶಿಬಿರಗಳನ್ನು ಬೈಯುವುದು ಸರಿಯಲ್ಲ. ಯಾವ ಹೆಣ್ಣುಮಗುವಿಗೆ ಅವಳ ಅಜ್ಜಿಯ ಕಾಲದಲ್ಲಿ ಕುಣಿತ ಅಂದರೆ ನಾಚಿಕೆಯ ಮಾತಾಗಿತ್ತೋ, ಅದೇ ಮಗು ಇವತ್ತು ಅಪ್ಪನ ಎದುರಿಗೇ ವೇದಿಕೆ ಹತ್ತಿ ಕುಣಿಯುತ್ತಿದೆ. ಇದು ದೊಡ್ಡ ಬದಲಾವಣೆ. ಊರಿನ ಯಾವ ಓಣಿಯ ಮಗುವಾದರೂ ಫೀ ಕೊಟ್ಟು ಸೇರಬಹುದು. ಹಳೆಯ ತಾಲೀಮಿನಲ್ಲಿ ಜಾತಿಯ ಗೆರೆ ಇರಲಿಲ್ಲ ಅಂತ ಹೇಳಲು ಬರುವುದಿಲ್ಲ. ಹೊರಗಿನಿಂದ ಬರುವ ತರಬೇತುದಾರರು ಮೈ ಬಳಸುವ ಹೊಸ ರೀತಿಗಳನ್ನೂ ತರುತ್ತಾರೆ, ಅವೂ ಬೇಕು.

ಬೇಕಾದದ್ದು ಇನ್ನೊಂದೇ ಒಂದು. ಪಾರಿಜಾತ ಆಡಿದ ಹೆಂಗಸರು, ದೊಡ್ಡಾಟ ಕಲಿಸಿದ ಮಾಸ್ತರು ಈ ತಾಲೂಕುಗಳಲ್ಲಿ ಈಗಲೂ ಇದ್ದಾರೆ. ಬಹಳ ಮಂದಿಗೆ ವಯಸ್ಸಾಗಿದೆ. ಕರ್ನಾಟಕ ಬಯಲಾಟ ಅಕಾಡೆಮಿಯ ಕಚೇರಿ ಇರುವುದೂ ನಮ್ಮ ಬಾಗಲಕೋಟೆಯಲ್ಲೇ. ನಾವು ಇವರನ್ನು ಕರೆಯುವುದು ಉದ್ಘಾಟನೆಯ ದಿನ, ಹತ್ತು ನಿಮಿಷದ ಪ್ರದರ್ಶನಕ್ಕೆ, ಒಂದು ಶಾಲು ಹೊದಿಸಿ ಕಳಿಸುವುದಕ್ಕೆ. ಮುಂದಿನ ಬೇಸಿಗೆಯಲ್ಲಿ ಇಪ್ಪತ್ತು ದಿನದ ಶಿಬಿರ ಮಾಡುವವರು ಅದರಲ್ಲಿ ಐದು ದಿನ ಇವರಿಗೆ ಕೊಡಲಿ. ಕೊರಿಯೋಗ್ರಾಫರೂ ಆ ಐದು ದಿನ ಮಕ್ಕಳ ಸಾಲಿನಲ್ಲೇ ನಿಂತು ಕಲಿಯಲಿ. ಸಂಭಾವನೆ ಇಬ್ಬರಿಗೂ ಸಮನಾಗಿರಲಿ. ಬ್ಯಾನರಿನಲ್ಲಿ ಆ ಹೆಂಗಸಿನ ಹೆಸರಿನ ಮುಂದೆ ‘ಜಾನಪದ ಕಲಾವಿದೆ’ ಅಂತ ಬೇಡ, ‘ನೃತ್ಯ ಗುರು’ ಅಂತ ಹಾಕಿ. ಬ್ಯಾನರು ಬರೆಯುವವನಿಗೆ ಅದಕ್ಕೆ ಹೆಚ್ಚಿನ ದುಡ್ಡೇನೂ ಕೊಡಬೇಕಾಗಿಲ್ಲ.