ಮಂಜಿಗೆ ಒಂಬತ್ತು ಅಡಿ

ಮಂಜಿ ಎಂದರೆ ನಮ್ಮ ಕರಾವಳಿಯ ಸರಕಿನ ಮರದ ಹಾಯಿಹಡಗು. ಅಂಥದೊಂದನ್ನು ನಡುವಿಗೆ ಕೊಯ್ದದ್ದನ್ನು ನಾನು ಕಣ್ಣಾರೆ ನೋಡಿದ್ದು 1983ರ ಮಳೆಗಾಲದಲ್ಲಿ, ಮುಂಬೈಯ ದಾರೂಖಾನಾದ ಕೆಸರಿನಲ್ಲಿ. ದಾರೂ ಎಂದರೆ ಇಲ್ಲಿ ಹೆಂಡವಲ್ಲ, ಸಿಡಿಮದ್ದು. ಹೆಸರು ಕೇಳಿ ಊರಿನಿಂದ ಬಂದವರು ನಗುತ್ತಿದ್ದರು. ಮದ್ದಿನ ಉಗ್ರಾಣವಿದ್ದ ಆ ಜಾಗದಲ್ಲಿ ನಮ್ಮ ಕಾಲಕ್ಕೆ ಹಳೆ ಹಡಗು ಒಡೆಯುವುದು, ಮರದ ದೋಣಿ ರಿಪೇರಿ ಮಾಡುವುದು ಎರಡೂ ಅಕ್ಕಪಕ್ಕದಲ್ಲೇ ನಡೆಯುತ್ತಿತ್ತು. ನಾನು ಮಜಗಾಂವದ ಒಂದು ಸಣ್ಣ ಕಚೇರಿಯಲ್ಲಿ ಗುಮಾಸ್ತ. ದೋಣಿ ಮಾಲೀಕರ ಅರ್ಜಿ, ಫಾರಂ, ರಸೀದಿ ನೋಡಿಕೊಳ್ಳುವುದೇ ಕೆಲಸ. ಮರ ಮುಟ್ಟಿದವನಲ್ಲ, ಕಾಗದ ಮುಟ್ಟಿದವನು.

ಮಂಜಿ ಗಂಗೊಳ್ಳಿ ಕಡೆಯದು. ಅದನ್ನು ನಡೆಸುವ ತಾಂಡೇಲರೂ ನಮ್ಮವರೇ. ಅದು 62 ಅಡಿ ಇತ್ತು, 71 ಮಾಡಬೇಕು ಎಂದು ಬಂದಿದ್ದರು. ಎಂಜಿನ್ ಕೂರಿಸಿದ ಮೇಲೆ ಹಿಂಭಾಗದ ಜಾಗವೆಲ್ಲ ಅದಕ್ಕೇ ಹೋಗಿ, ಹೊಟ್ಟೆಯಲ್ಲಿ ಹೆಂಚು ತುಂಬಲು ಸಾಲದೆ ಬಂದಿತ್ತು. ಜೂನ್‌ನಿಂದ ಆಗಸ್ಟ್‌ವರೆಗೆ ಹಾಯಿಹಡಗುಗಳು ಕಡಲಿಗಿಳಿಯುವಂತಿಲ್ಲವಲ್ಲ, ಅಷ್ಟರೊಳಗೆ ಕೆಲಸ ಮುಗಿಯಬೇಕು. ತಗಡಿನ ಚಪ್ಪರ ಹಾಕಿ, ಮಂಜಿಯನ್ನು ದಿಮ್ಮಿಗಳ ಮೇಲೆ ಏರಿಸಿ, ಮಿಸ್ತ್ರಿ ಒಂದು ವಾರ ಏನೂ ಮಾಡಲಿಲ್ಲ. ಬೆಳಿಗ್ಗೆ ಬಂದು ದಾರ ಹಿಡಿದು ನೋಡುವುದು, ಸಂಜೆ ಹೋಗುವುದು. ತಾಂಡೇಲರಿಗೆ ಸಿಟ್ಟು. ಮರ ನೆಲದ ಮೇಲೆ ಕೂತು ತನ್ನ ಭಾರಕ್ಕೆ ತಾನು ಹೊಂದಿಕೊಳ್ಳುವ ಮೊದಲೇ ಕೊಯ್ದರೆ, ಎರಡು ತುಂಡು ಎರಡು ಕಡೆ ತಿರುಚಿಕೊಳ್ಳುತ್ತವೆ ಎಂದು ನನಗೆ ಗೊತ್ತಾದದ್ದು ಆಮೇಲೆ.

ಕೊಯ್ಯುವುದೂ ನಾನು ಅಂದುಕೊಂಡ ಹಾಗೆ ಹಲಸಿನ ಹಣ್ಣು ಹೋಳು ಮಾಡಿದಂತಲ್ಲ. ಎಲ್ಲ ಹಲಗೆಗಳನ್ನೂ ಒಂದೇ ಗೆರೆಯಲ್ಲಿ ಕೊಯ್ದರೆ ಮುಂದೆ ಮಂಜಿ ಆ ಗೆರೆಯಲ್ಲೇ ಬಾಯಿ ಬಿಡುತ್ತದೆ. ಆದ್ದರಿಂದ ಒಂದು ಹಲಗೆ ಇಲ್ಲಿ, ಅದರ ಮೇಲಿನದು ಮೂರು ಮೊಳ ಆಚೆ, ಮೆಟ್ಟಿಲಿನ ಹಾಗೆ ಬಿಡಿಸುತ್ತ ಹೋದರು. ಕೊನೆಗೆ ಅಡಿಮರ. ಅದನ್ನು ನೇರ ಕತ್ತರಿಸದೆ ಓರೆಯಾಗಿ ಸೀಳಿದರು. ಹೊಸ ತುಂಡನ್ನು ಎರಡೂ ಕಡೆ ಓರೆಗೆ ಓರೆ ಕೂರಿಸಿ ಬೋಲ್ಟು ಹಾಕಬೇಕಲ್ಲ. ಆಮೇಲೆ ದಿಮ್ಮಿಗಳಿಗೆ ಕೊಬ್ಬು ಸವರಿ, ಮುಂಭಾಗವನ್ನು ಹಗ್ಗ ಕಟ್ಟಿ ಎಳೆದರು. ಹನ್ನೆರಡು ಜನ, ಒಂದೇ ಕೂಗು. ನಡುವೆ ಆಕಾಶ ಕಾಣಿಸಿತು. ಆ ಒಂಬತ್ತು ಅಡಿ ಖಾಲಿ ಜಾಗದಲ್ಲಿ ನಾನು ಕೊಡೆ ಹಿಡಿದು ನಿಂತಿದ್ದೆ. ಮಂಜಿಯ ಒಳಗೂ ಅಲ್ಲ, ಹೊರಗೂ ಅಲ್ಲ.

ಮರದ ಕೆಲಸ ಎರಡು ತಿಂಗಳಲ್ಲಿ ಮುಗಿಯಿತು. ಕಾಗದದ ಕೆಲಸದ ಕಥೆ ಬೇರೆ. ಅದನ್ನು ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ನನ್ನ ಅಪ್ಪಯ್ಯ ಮಂಜಿಯ ಖಲಾಸಿ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ ಮೇಲೆ ಮುಂಬೈಯ ಮಾಡುಗಳು ಕೆಂಪಾದವು. ಆ ಹೆಂಚು ಹೊತ್ತದ್ದು ನಮ್ಮ ಕರಾವಳಿಯ ಮಂಜಿ, ಪತ್ತೆಮಾರಿಗಳು. ಅಪ್ಪಯ್ಯನ ಬಾಯಲ್ಲಿ ಟನ್ ಎಂಬ ಮಾತೇ ಇರಲಿಲ್ಲ. ಮಂಜಿ ಎಷ್ಟು ದೊಡ್ಡದು ಎಂದರೆ ಇಷ್ಟು ಖಂಡಿ ಎನ್ನುತ್ತಿದ್ದರು. ಉದ್ದ ಕೇಳಿದರೆ ಮಾರು, ಮೊಳ. ಮುಂಬೈಯ ಕೋಳಿ ಮೀನುಗಾರರು ಮಾರನ್ನು ವಾವ ಎನ್ನುತ್ತಾರೆ. ಎರಡೂ ತೋಳು ಚಾಚಿದಷ್ಟೇ. ಖಂಡಿಯ ತೊಂದರೆ ಏನೆಂದರೆ ಅದು ಊರಿಗೊಂದು. ಮುಂಬೈ ಖಂಡಿ 560 ಪೌಂಡು, ಅಂದರೆ 28 ಪೌಂಡಿನ 20 ಮಣ. ನಾಲ್ಕು ಮುಂಬೈ ಖಂಡಿ ಸೇರಿದರೆ 2,240 ಪೌಂಡು, ಸರಿಯಾಗಿ ಒಂದು ಇಂಗ್ಲಿಷ್ ಟನ್. ಇದು ಕಾಕತಾಳೀಯವಲ್ಲ, ಇಂಗ್ಲಿಷರು ತಮ್ಮ ಲೆಕ್ಕಕ್ಕೆ ಮಣವನ್ನು ಬಗ್ಗಿಸಿಕೊಂಡದ್ದು ಎಂದೇ ನನ್ನ ಅನುಮಾನ.

ಆದರೆ ಸರಕಾರದ ಟನ್ ತೂಕವೇ ಅಲ್ಲ ಎಂಬುದು ಕೆಲಸಕ್ಕೆ ಸೇರಿದ ಮೇಲೆ ತಿಳಿಯಿತು. 1773ರಿಂದ ಇಂಗ್ಲೆಂಡಿನಲ್ಲಿ ಕಾನೂನಾಗಿ ನಡೆದ ಲೆಕ್ಕ ಹೀಗಿತ್ತು: ಉದ್ದದಿಂದ ಅಗಲದ ಐದರಲ್ಲಿ ಮೂರು ಪಾಲು ಕಳೆ, ಅಗಲದಿಂದ ಗುಣಿಸು, ಮತ್ತೆ ಅಗಲದ ಅರ್ಧದಿಂದ ಗುಣಿಸು, 94ರಿಂದ ಭಾಗಿಸು. ನಮ್ಮ ಮಂಜಿಯ ಅಗಲ 18 ಅಡಿ. 62 ಅಡಿ ಉದ್ದಕ್ಕೆ ಈ ಲೆಕ್ಕದಲ್ಲಿ 88 ಟನ್, 71 ಅಡಿಗೆ ಹತ್ತಿರ ಹತ್ತಿರ 104. ಇದರಲ್ಲಿ ಒಂದು ಮೋಜು ನೋಡಿ: ಆಳದ ಮಾತೇ ಇಲ್ಲ. ಆಳ ಅಗಲದ ಅರ್ಧ ಇದ್ದೇ ಇರುತ್ತದೆಂದು ನಂಬಿಕೊಂಡು ಬಿಟ್ಟಿದ್ದರು. ಉದ್ದ ಹೆಚ್ಚಿಸಿದರೆ ಸುಂಕ ಹೆಚ್ಚು, ಹೊಟ್ಟೆ ಎರಡಡಿ ಇಳಿಸಿದರೆ ಒಂದು ಕಾಸೂ ಹೆಚ್ಚಿಲ್ಲ. ಸಹಜವಾಗಿಯೇ ಹಡಗು ಕಟ್ಟಿಸುವವರು ಇಕ್ಕಟ್ಟಾದ, ಆಳವಾದ, ಮಾತು ಕೇಳದ ಹಡಗುಗಳನ್ನು ಕಟ್ಟಿಸಿದರು. ಸುಂಕ ಉಳಿಯಿತು, ಹಡಗು ಮಗುಚಿತು. 1854ರಲ್ಲಿ ಲೆಕ್ಕ ಬದಲಾಗಿ, ಒಳಗಿನ ಜಾಗ ಅಳೆದು ನೂರು ಘನ ಅಡಿಗೆ ಒಂದು ಟನ್ ಎಂದಾಯಿತು. ಅಂದಿನಿಂದ ದಾಖಲೆಯ ಟನ್ ಎಂದರೆ ಜಾಗ.

ಹಳೆ ಲೆಕ್ಕವೇ ನಡೆಯುತ್ತಿದ್ದ ಕಾಲ ಮುಂಬೈ ಡಾಕ್‌ಯಾರ್ಡಿನ ವೈಭವದ ಕಾಲವೂ ಹೌದು. ಸೂರತ್ತಿನಿಂದ 1736ರಲ್ಲಿ ಬಂದ ಲವ್ಜಿ ನಸರ್ವಾನ್‌ಜಿ ವಾಡಿಯಾರ ಮನೆತನ ಇಲ್ಲಿ ತಲೆಮಾರುಗಳವರೆಗೆ ಹಡಗು ಕಟ್ಟಿತು. ಜಮ್‌ಶೇಟ್‌ಜಿ ಬೊಮನ್‌ಜಿ 1817ರಲ್ಲಿ ನೀರಿಗಿಳಿಸಿದ ಟ್ರಿಂಕೊಮಲೀ ಇಂಗ್ಲೆಂಡಿನ ಹಾರ್ಟ್‌ಲ್‌ಪೂಲಿನಲ್ಲಿ ಇಂದಿಗೂ ತೇಲುತ್ತಿದೆ. ಪಶ್ಚಿಮ ಘಟ್ಟದ ತೇಗ ಸುಮ್ಮನೆ ಅಲ್ಲ. ವಾಡಿಯಾರ ಬಗ್ಗೆ ಪುಸ್ತಕಗಳಿವೆ, ಅಂಚೆಚೀಟಿಯಿದೆ. ನನಗೆ ಹೇಳಬೇಕಾದದ್ದು ಆ ಡಾಕಿನ ಗೋಡೆಯಾಚೆ ತೇಲುತ್ತಿದ್ದ ಮಚವೆ, ಹೋಡಿ, ಪತ್ತೆಮಾರಿಗಳ ಬಗ್ಗೆ.

ಅವಕ್ಕೂ ಕಾಗದ ಬಂದದ್ದು 1838ರಲ್ಲಿ. ಆ ವರ್ಷದ 19ನೇ ಕಾಯ್ದೆ ಮುಂಬೈ ಪ್ರಾಂತದ ಕರಾವಳಿ ಹಡಗು, ಮೀನುದೋಣಿ, ಬಂದರಿನ ದೋಣಿಗಳಿಗೆಲ್ಲ ನೋಂದಣಿ ಮಾಡಿಸಿ ಸಂಖ್ಯೆ ಬರೆಸಿಕೊಳ್ಳಲು ಹೇಳಿತು. ಅದು ಎಷ್ಟು ಗಟ್ಟಿ ಆಯುಸ್ಸಿನ ಕಾಯ್ದೆ ಎಂದರೆ, 2020ರಲ್ಲಿ ಕೇಂದ್ರ ಸರಕಾರ ಹೊಸ ಹಡಗು ಕಾಯ್ದೆಯ ಕರಡು ಹೊರಡಿಸಿದಾಗ, ರದ್ದು ಮಾಡಬೇಕಾದವುಗಳಲ್ಲಿ 1958ರ ಹಡಗು ಕಾಯ್ದೆಯ ಜೊತೆಗೆ ಈ ಮುದುಕನೂ ಇದ್ದ. ನಮ್ಮವರ ಪಾಡು ಇನ್ನೊಂದು ಬಗೆ. 1862ರಲ್ಲಿ ಉತ್ತರ ಕನ್ನಡ ಮುಂಬೈ ಪ್ರಾಂತಕ್ಕೆ ಸೇರಿತು, ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. ಕಾರವಾರದ ಮಂಜಿ ಮತ್ತು ಗಂಗೊಳ್ಳಿಯ ಮಂಜಿ ಒಂದೇ ಗಾಳಿಯಲ್ಲಿ ಬಂದರೂ ಆಗ ಅವುಗಳ ಸರಕಾರ ಬೇರೆ ಬೇರೆಯಾಗಿತ್ತು.

ಈಗ 1983ಕ್ಕೆ ಬರೋಣ. ತಾಂಡೇಲರು ಕಚೇರಿಗೆ ಬಂದು ಮೇಜಿನ ಮೇಲೆ ಬಗ್ಗಿ ಮೆಲ್ಲಗೆ ಅಂದರು: "ಹ್ವಾಯ್, ಒಂಬತ್ತ್ ಅಡಿ ಅಂದ್ ಬರೂದ್ ಬ್ಯಾಡ. ಆರ್ ಅಂದ್ರೆ ಸಾಕ್." ಬಂದರಿನ ಸುಂಕ ಟನ್ನಿನ ಮೇಲೆ. ಅದೇ ತಾಂಡೇಲರು ಹಿಂದಿನ ದಿನ ಹೆಂಚಿನ ವ್ಯಾಪಾರಿಗೆ ಮಂಜಿ ಹನ್ನೆರಡು ಅಡಿ ಬೆಳೆದಿದೆ ಎಂದು ಹೇಳಿ ಮುಂಗಡ ತೆಗೆದುಕೊಂಡಿದ್ದರು. ಮೋಸ ಎನ್ನಬೇಡಿ. ಈ ದಂಧೆಯಲ್ಲಿ ಪ್ರತಿ ಹಡಗಿಗೂ ಎರಡು ಅಳತೆ: ಬಾಡಿಗೆ ಕೊಡುವವನ ಮುಂದೆ ಖಂಡಿ ಉಬ್ಬುತ್ತದೆ, ಸುಂಕ ಕೇಳುವವನ ಮುಂದೆ ಟನ್ ಬತ್ತುತ್ತದೆ. ಸರ್ವೇಯರ್ ಟೇಪು ಹಿಡಿದು ಬಂದೇ ಬರುತ್ತಾರೆ, ಸುಳ್ಳು ನಿಲ್ಲುವುದಿಲ್ಲ ಎಂದು ನಾನು ಒಪ್ಪಿಸಿದೆ.

ಸುಳ್ಳು ಬರೆಯಲಿಲ್ಲ, ತಪ್ಪು ಬರೆದೆ. ನಮ್ಮ ಮಂಜಿ, ಪತ್ತೆಮಾರಿಗಳ ಮೂತಿ ಮುಂದಕ್ಕೆ ಚಾಚಿರುತ್ತದೆ, ಹಿಂಭಾಗವೂ ಚುಕ್ಕಾಣಿಯ ಕಂಬ ದಾಟಿ ಹೊರಕ್ಕೆ ಬಂದಿರುತ್ತದೆ. ಅಡಿಮರದ ಉದ್ದ ಒಂದು, ಅಟ್ಟದ ಉದ್ದ ಒಂದು, ದಾಖಲೆಗೆ ಬೇಕಾದ ಉದ್ದ ಮೂರನೆಯದು: ಮುಂಗಂಬದ ತಲೆಯಿಂದ ಹಿಂಗಂಬದ ತಲೆಯವರೆಗೆ. ನಾನು ಆ ಕಾಲಂನಲ್ಲಿ ಒಟ್ಟು ಉದ್ದ ತುಂಬಿಸಿಬಿಟ್ಟೆ. ನಾಲ್ಕಡಿ ವ್ಯತ್ಯಾಸ. ಅರ್ಜಿ ವಾಪಸು ಬಂತು. ತಿದ್ದಿ ಕೊಟ್ಟ ಮೇಲೆ ಫೈಲು ಯಾವುದೋ ಮೇಜಿನ ಕೆಳಗೆ ಆರು ವಾರ ಮಲಗಿತು. ಸೆಪ್ಟೆಂಬರ್ ಕಳೆಯಿತು, ವ್ಯಾಪಾರಿ ಮುಂಗಡ ವಾಪಸು ಕೇಳಿದ. ತಾಂಡೇಲರು ನನಗೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಕೊನೆಗೆ ಕಾಗದ ಬಂದ ದಿನ ಮಿಸ್ತ್ರಿ ಉಳಿ ಹಿಡಿದು ಒಳಗಿಳಿದ. ನೋಂದಾಯಿತ ಹಡಗಿನ ಸಂಖ್ಯೆ ಮತ್ತು ಟನ್ ಅನ್ನು ನಡುತೊಲೆಯಲ್ಲಿ ಕೆತ್ತಬೇಕೆಂಬುದು ಹಡಗುಗಳ ಹಳೆಯ ನಿಯಮ. ಬಣ್ಣ ಬಳಿದು ಮರೆಸುವಂತಿಲ್ಲ. ಹಳೆಯ ಟನ್ನಿನ ಅಂಕಿಯ ಮೇಲೆ ಅಡ್ಡಗೆರೆ ಕೊರೆದು, ಪಕ್ಕದಲ್ಲಿ ಹೊಸದು ಕೊರೆದ. ಮಂಜಿ ಅಲ್ಲಿಯವರೆಗೂ ಬೆಳೆದಿರಲಿಲ್ಲ ಎಂದೇ ನನಗೆ ಅನಿಸಿತು.

ಹೀಗೆ ಕೊಯ್ದು ಉದ್ದ ಮಾಡುವುದು ನಮ್ಮ ದೇಶದ ಪಾಡು ಮಾತ್ರ ಎಂದುಕೊಂಡಿದ್ದೆ, ಹಾಗಲ್ಲ. ಇಂಗ್ಲೆಂಡಿನ ಕಾಲುವೆಗಳಲ್ಲಿ ಏಳಡಿಗಿಂತ ಕಿರಿದಾದ ದೋಣಿಗಳಿವೆ. ಹದಿನೆಂಟನೇ ಶತಮಾನದಲ್ಲಿ ಜೇಮ್ಸ್ ಬ್ರಿಂಡ್ಲಿ ದೋಣಿಯನ್ನು ಏರಿಸಿ ಇಳಿಸುವ ನೀರಿನ ತೊಟ್ಟಿಗಳನ್ನು ಅಷ್ಟೇ ಅಗಲ, ಸುಮಾರು 70 ಅಡಿ ಉದ್ದ ಕಟ್ಟಿಸಿದ್ದರಿಂದ ದೋಣಿಗೂ ಅದೇ ಅಳತೆ. ಅಲ್ಲಿ ಅಗಲಿಸಲು ಆಗುವುದಿಲ್ಲ, ಆದ್ದರಿಂದ ನಡುವೆ ಕೊಯ್ದು ಉದ್ದ ಮಾಡುತ್ತಾರೆ. ಲೈಸೆನ್ಸ್ ಶುಲ್ಕಕ್ಕೂ ಉದ್ದದ ಲೆಕ್ಕವೇ. ಅಲ್ಲಿನ ತಾಂಡೇಲನೂ ಆರು ಎಂದು ಬರೆಯಲು ಹೇಳುತ್ತಾನೋ ಏನೋ.

ಈಗ ಮುಂಬೈಯ ವರ್ಸೋವಾ, ಸಸೂನ್ ಡಾಕಿನ ಮೀನುದೋಣಿಗಳಿಗೆ ಹೊಸ ಗೆರೆ 20 ಮೀಟರ್. ಅದಕ್ಕಿಂತ ಉದ್ದವಾದರೆ ಆಳಸಮುದ್ರದ ಹಡಗಿನ ಲೆಕ್ಕಕ್ಕೆ ಬರುತ್ತದೆ, ಎಲ್ಲಿದ್ದೇನೆಂದು ತೋರಿಸುವ ಯಂತ್ರವೂ ಬೇಕು. 2008ರ ನವೆಂಬರ್ 26ರಂದು ಕುಬೇರ್ ಎಂಬ ಪೋರಬಂದರಿನ ದೋಣಿಯನ್ನು ಅಪಹರಿಸಿ ಬಂದವರು ಕೊಲಾಬಾದ ಮಚ್ಛಿಮಾರ್ ನಗರದಲ್ಲಿ ಇಳಿದ ಮೇಲೆ ಅಳತೆ, ಬಣ್ಣ, ಸಂಖ್ಯೆ ಎಲ್ಲ ಬಿಗಿಯಾಯಿತು, ಕಂಪ್ಯೂಟರಿಗೆ ಹೋಯಿತು. ಹಾಗಾಗಿ ಗೆರೆಗೆ ಒಂದು ಗೇಣು ಈಚೆಗೇ ನಿಲ್ಲುವ ದೋಣಿಗಳು ಇಲ್ಲೂ ಇವೆ, ಮಲ್ಪೆಯಲ್ಲೂ ಇವೆ. ಕಡಲು ಕೇಳಿದ ಉದ್ದ ಅದಲ್ಲ. ಎಂಜಿನ್ ದೊಡ್ಡದಾಗುತ್ತದೆ, ಹೊಟ್ಟೆ ಅಗಲವಾಗುತ್ತದೆ, ಉದ್ದ ಅಲ್ಲೇ ನಿಲ್ಲುತ್ತದೆ. 1773ರವರ ತಪ್ಪನ್ನು ನಾವು ಆಳ ಬಿಟ್ಟು ಅಗಲದಲ್ಲಿ ಮಾಡುತ್ತಿದ್ದೇವೆ, ಅಷ್ಟೇ.

ಆ ಮಂಜಿ ಈಗಿಲ್ಲ. ಒಡೆದ ಮಂಜಿಗಳ ಮರ ನಮ್ಮ ಕರಾವಳಿಯ ಮನೆಗಳಲ್ಲಿ ದಾರಂದವಾಗಿ, ಅಟ್ಟದ ತೊಲೆಯಾಗಿ ಕೂತಿದೆ. ಕುಂದಾಪುರ, ಗಂಗೊಳ್ಳಿ, ಹೊನ್ನಾವರದ ಕಡೆ ಹಳೆ ಮನೆ ಕೆಡವುವವರಿದ್ದರೆ ಒಂದು ಮಾತು: ತೊಲೆಗೆ ಕೀಸುಳಿ ಹಾಕುವ ಮೊದಲು ಮಸಿ ಒರೆಸಿ ನೋಡಿ. ಅಂಕಿ ಕೆತ್ತಿದ್ದರೆ ಒಂದು ಫೋಟೋ ತೆಗೆದು, ಮರ ಎಲ್ಲಿಂದ ಬಂತೆಂದು ಮನೆಯ ಹಿರಿಯರನ್ನು ಕೇಳಿ ಬರೆದಿಡಿ. ಅಡ್ಡಗೆರೆ ಕೊರೆದು ಪಕ್ಕದಲ್ಲಿ ಇನ್ನೊಂದು ಅಂಕಿ ಇದ್ದರೆ, ಆ ಮಂಜಿಯನ್ನು ಯಾರೋ ನಡುವಿಗೆ ಕೊಯ್ದು ಉದ್ದ ಮಾಡಿದ್ದಿರಬಹುದು.